ಬಿಳಿ ಗಾಡಿಯ ಹಿಂದಿನ ಬಾಗಿಲು

ಶೆಡ್ಡಿನಿಂದ,
ಹದಿನಾರನೇ ತಾರೀಖು, ಗುರುವಾರ, ಊಟಕ್ಕೆ ಮುಂಚೆ.

ಪ್ರೀತಿಯ ನರ್ಸಮ್ಮಾ,

ಹೇಗಿದ್ದೀಯ? ಕೆಮ್ಮು ಹೋಯಿತೋ ಇಲ್ಲವೋ? ಆ ಟ್ರೇನಿಂಗಿನಲ್ಲಿ ಊರಿನವರ ಜ್ವರ ಇಳಿಸುವುದನ್ನೆಲ್ಲ ಕಲಿಸುತ್ತಾರೆ, ತನ್ನ ಕೆಮ್ಮಿಗೆ ಒಂದು ಲೋಟ ಬಿಸಿನೀರು ಕುಡಿಯಬೇಕು ಅನ್ನುವುದನ್ನು ಯಾರೂ ಕಲಿಸಿಲ್ಲ ಅಂತ ಕಾಣುತ್ತದೆ. ಹಾಸ್ಟೆಲಿನ ಹಾಸಿಗೆ ನಡುವೆ ಗುಂಡಿ ಬಿದ್ದಿದೆ ಅಂದಿದ್ದೆ, ಬದಲಾಯಿಸಿಕೊಟ್ಟರಾ? ಕೊಡದಿದ್ದರೆ ಹೇಳು, ನಾನೇ ಬಂದು ಮಾತಾಡುತ್ತೇನೆ. ಬೇಡ ಅನ್ನುತ್ತೀಯ, ಗೊತ್ತು. ನಿನ್ನಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತ ಕೇಳಬೇಡ. ಫೋನಿನಲ್ಲಿ ನನಗೆ ಒಂದು ಮಾತು ಮುಗಿಸಲು ನೀನು ಬಿಡುವುದಿಲ್ಲ, ನಿನಗೆ ನಾನು ಬಿಡುವುದಿಲ್ಲ, ಕೊನೆಗೆ ಇಬ್ಬರೂ ಕೂಗಾಡಿ ಇಟ್ಟುಬಿಡುತ್ತೇವೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಭಾನುವಾರ ನಿನ್ನಮ್ಮ ನಿನ್ನನ್ನು ನೋಡಲು ಬರುವಾಗ ಅವಳ ಕೈಯಲ್ಲೇ ಕಳಿಸುತ್ತೇನೆ. ಅಂಟು ಹಾಕಿ ಮೇಲೆ ಟೇಪನ್ನೂ ಸುತ್ತುತ್ತೇನೆ, ಟೇಪು ಎದ್ದಿದ್ದರೆ ನನಗೆ ತಿಳಿಸು. ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನು ನಾನು. ಆದರೂ ನನ್ನ ಅಕ್ಷರ ಇಷ್ಟು ಹಾಳಾಗಿರಲಿಲ್ಲ. ಈ ಪೆನ್ನು ಸರಿಯಿಲ್ಲ, ಜಾರುತ್ತದೆ.

ವಿಷಯಕ್ಕೆ ಬರುತ್ತೇನೆ. ಗಾಡಿಯ ರೇಟು ಕುದುರಿತು. ಎಲ್ಲ ಸೇರಿ ಆರು ಲಕ್ಷದ ನಲವತ್ತೆಂಟು ಸಾವಿರ. ನೀನು ಎಳೆದಿದ್ದ ಗೆರೆ ಆರೂವರೆ. ಗೆರೆಯೊಳಗೇ ಆಯಿತು. ಇಷ್ಟು ಓದಿ ಕುಣಿಯಬೇಡ, ಪೂರ್ತಿ ಓದು.

ನೀನು ಹೊರಟ ದಿನ ಹೇಳಿದ್ದು ಕಿವಿಯಲ್ಲೇ ಕೂತಿದೆ. "ಅಪ್ಪಾ, ಒಂದನೇ ತಾರೀಖಿಗೆ ಗಾಡಿ ಮನೆ ಮುಂದೆ ಇರ್ಬೇಕು. ಇಲ್ಲಾಂದ್ರೆ ಆ ಕೆಲ್ಸ ನನ್ನ ಹಿಂದೆ ನಿಂತಿರೋಳಿಗೆ ಹೋಗುತ್ತೆ." ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸಿಗೆ ಸ್ವಂತ ಗಾಡಿ ಬೇಕೇ ಬೇಕು, ಹಳೆಯದಾದರೆ ದಾರಿಯಲ್ಲಿ ಕೈಕೊಡುತ್ತದೆ, ಇಂಜೆಕ್ಷನ್ನಿಗೆ ಕಾದು ಮಲಗಿದವರಿಗೆ ಗಾಡಿ ಕೆಟ್ಟಿತ್ತು ಅಂತ ಹೇಳಲು ಆಗುವುದಿಲ್ಲ. ಎಲ್ಲ ಒಪ್ಪಿದೆ. ಆರು ವರ್ಷ ಆಸ್ಪತ್ರೆಯಲ್ಲಿ ಬೇರೆಯವರ ಪಾಳಿಯನ್ನೂ ಸೇರಿಸಿ ದುಡಿದು ಕೂಡಿಸಿದ್ದನ್ನು ನನ್ನ ಕೈಗೆ ಕೊಟ್ಟು, "ಗಾಡಿ ವಿಷ್ಯ ಅಪ್ಪನಿಗಿಂತ ಇನ್ಯಾರಿಗೆ ಗೊತ್ತು" ಅಂದು ಬಸ್ಸು ಹತ್ತಿದೆ. ಅಲ್ಲೇ ನೀನು ತಪ್ಪಿದ್ದು. ನಲವತ್ತೊಂದು ವರ್ಷ ಟಿಂಕರಿಂಗ್ ಮಾಡಿದ್ದೇನೆ, ನಿಜ. ಆದರೆ ನನ್ನ ಶೆಡ್ಡಿಗೆ ಬಂದದ್ದೆಲ್ಲ ಗುದ್ದಿಸಿಕೊಂಡ ಗಾಡಿಗಳೇ. ನಗ್ಗಿದ ಬಾಗಿಲಿಗೆ ಎಷ್ಟು ಅಂತ ಕೇಳು, ಒಂದು ನೋಟಕ್ಕೆ ಹೇಳುತ್ತೇನೆ. ನಗ್ಗದ ಬಾಗಿಲಿಗೆ ಎಷ್ಟು ಕೊಡಬೇಕು ಅಂತ ನನಗೆ ಯಾರು ಹೇಳಿಕೊಟ್ಟಿದ್ದರು? ನಾಲ್ಕು ದಿನ ಊಟ ಸೇರಲಿಲ್ಲ. ನಿನ್ನ ದುಡ್ಡು ಕಳೆದೆ, ಇಲ್ಲವೇ ಸಿಟ್ಟಿಗೆದ್ದು ಗಾಡಿಯನ್ನೇ ಕಳೆದೆ, ಎರಡರಲ್ಲಿ ಒಂದು ಗ್ಯಾರಂಟಿ ಅನ್ನಿಸಿತ್ತು. ನಿನ್ನಮ್ಮನೂ ಧೈರ್ಯ ಹೇಳುವ ಪೈಕಿಯಲ್ಲ. "ಫ್ರಿಜ್ಜಿನ ಅಂಗಡೀಲಿ ಮಾಡಿದ ಹಾಗೆ ಮಾಡ್ಬೇಡಿ" ಅಂತ ದಿನಕ್ಕೆ ಮೂರು ಸಲ. ಆ ಫ್ರಿಜ್ಜಿನವನು ಇವತ್ತಿಗೂ ನನ್ನನ್ನು ಕಂಡರೆ ಅರ್ಧ ಶಟರ್ ಎಳೆಯುತ್ತಾನೆ.

ತಲೆ ಮೊದಲೇ ಕೆಟ್ಟಿತ್ತು ಅನ್ನು. ಹೋದ ವಾರ ಒಬ್ಬ ಗಿರಾಕಿ ತನ್ನ ಗಾಡಿಯನ್ನು ವಾಪಸು ತಂದು, "ಮೇಸ್ತ್ರಿ, ಬಿಸಿಲಲ್ಲಿ ನಿಲ್ಸಿದ್ರೆ ಬಾನೆಟ್ ಮೇಲೆ ಅಲೆ ಅಲೆ ಕಾಣುತ್ತೆ, ನೀವು ಮಾಡಿದ್ದು ಸರಿ ಕೂತಿಲ್ಲ" ಅಂದ. ನನ್ನ ಕೆಲಸಕ್ಕೆ ಅಲೆ. ಕಣ್ಣು ತೋರಿಸಿಕೊಂಡು ಬಾ ಅಂತ ಬೈದು ಓಡಿಸಿದೆ. ಅವನು ಗಾಡಿಯನ್ನು ನೇರವಾಗಿ ಪಕ್ಕದ ಶೆಡ್ಡಿನ ಪೇಂಟರ್ ಹತ್ತಿರ ತೆಗೆದುಕೊಂಡು ಹೋದ. ಮೂರು ವರ್ಷದಿಂದ ನನಗೂ ಆ ಪೇಂಟರಿಗೂ ಮಾತಿಲ್ಲ, ನಿನಗೆ ಗೊತ್ತು. ನೀರಿನ ನಲ್ಲಿಯ ಜಗಳ. ಅವನು ಬಾನೆಟ್ ಮೇಲೆ ಒಂದು ಸಲ ಅಂಗೈ ಆಡಿಸಿದ, ನನ್ನ ಶೆಡ್ಡಿನ ಕಡೆ ನೋಡಿದ, ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಅವತ್ತೇ ಒಂದು ತೀರ್ಮಾನ ಆಗುತ್ತಿತ್ತು.

ಮೊನ್ನೆ ಮಂಗಳವಾರ ಶೋರೂಮಿಗೆ ಹೋದೆ. ಇಸ್ತ್ರಿ ಶರಟು. ನಿನ್ನಮ್ಮ ಗುಂಡಿ ಹಾಕಿಕೊಟ್ಟು, ಒಂದು ಬಾಟಲಿ ನೀರು ಕೈಗೆ ಕೊಟ್ಟು, "ಸಿಟ್ಟು ಬಂದಾಗೆಲ್ಲ ಒಂದೊಂದು ಗುಟುಕು ಕುಡೀರಿ, ಬಾಯಿಗೆ ಕೆಲ್ಸ ಇರುತ್ತೆ" ಅಂದಳು. ಅರ್ಧ ಗಂಟೆಗೆ ಬಾಟಲಿ ಖಾಲಿ. ಆಮೇಲೆ ಎರಡು ಸಲ ಅವರ ಕಕ್ಕಸಿಗೆ ಹೋಗಬೇಕಾಯಿತು. ನಮ್ಮ ಅಡುಗೆಮನೆಗಿಂತ ಚೆನ್ನಾಗಿದೆ. ಒಳಗೆಲ್ಲ ಗಾಜು, ತಣ್ಣನೆ ಗಾಳಿ, ನೆಲದಲ್ಲಿ ಮುಖ ಕಾಣುತ್ತದೆ. ನಿನ್ನ ವಯಸ್ಸಿನ ಒಬ್ಬ ಹುಡುಗಿ ಬಂದು ಕೂರಿಸಿ, ಕಾಫಿ ಕೊಟ್ಟು, ಒಂದು ಹಾಳೆ ಮುಂದಿಟ್ಟಳು. ಏಳು ಲಕ್ಷದ ಹನ್ನೆರಡು ಸಾವಿರ. ನಿನ್ನ ಗೆರೆಗಿಂತ ಅರವತ್ತೆರಡು ಸಾವಿರ ಮೇಲೆ. ಆದರೆ ಹಾಳೆ ಅಂದರೆ ಹಾಳೆ, ಒಂದೊಂದೇ ಸಾಲು ಓದುತ್ತಾ ಹೋದೆ. ಓದುವುದು ನಿಧಾನವಾದರೆ ಒಂದು ಲಾಭ, ಯಾವ ಸಾಲೂ ತಪ್ಪುವುದಿಲ್ಲ.

ಹ್ಯಾಂಡ್ಲಿಂಗ್ ಚಾರ್ಜು ಎಂಟು ಸಾವಿರ ಅಂತ ಒಂದು. "ಏನಮ್ಮಾ ಇದು, ಗಾಡೀನ ಹೆಗಲ ಮೇಲೆ ಹೊತ್ಕೊಂಡು ಬಂದ್ರಾ?" ಅಂದೆ. ಅವಳಿಗೆ ನಗು ಬಂತು, ತಡೆದುಕೊಂಡಳು. ಬಣ್ಣದ ಮೇಲೆ ಕೋಟಿಂಗ್ ಅಂತ ಇನ್ನೊಂದು ಒಂಬತ್ತು ಸಾವಿರ. ನಾನು ಜೀವಮಾನವೆಲ್ಲ ಗಿರಾಕಿಗಳಿಗೆ ಬಿಟ್ಟಿಯಾಗಿ ತಿಕ್ಕಿಕೊಟ್ಟ ಮೇಣಕ್ಕೆ ಇವರು ಇಟ್ಟ ಹೆಸರು. ಆಮೇಲೆ ಮ್ಯಾಟು, ಸೀಟಿನ ಕವರು, ಬಾಗಿಲಿಗೆ ಹೊಳೆಯುವ ಪಟ್ಟಿ. ಎಲ್ಲ ಹೊಡೆದುಹಾಕಿಸಿದೆ. ನೀನು ಬರೆದುಕೊಟ್ಟಿದ್ದ ಹಾಗೆ ಇನ್ಶೂರೆನ್ಸ್ ಹೊರಗೆ ಮಾಡಿಸುತ್ತೇವೆ ಅಂದೆ. ಅವಳು ಮುಖ ಸಣ್ಣಗೆ ಮಾಡಿಕೊಂಡು, "ಸರ್, ಅದು ಮ್ಯಾನೇಜರ್ ಹತ್ರ ಕೇಳ್ಬೇಕು" ಅಂತ ಒಳಗೆ ಹೋದಳು, ಬಂದಳು, ಮತ್ತೆ ಹೋದಳು. ಕೊನೆಗೆ ಮ್ಯಾನೇಜರೇ ಬಂದ. ನೀಲಿ ಟೈ, ಸುಗಂಧ. "ನೋಡಿ ಸರ್, ಆರು ಅರವತ್ತೊಂದು. ಇದಕ್ಕಿಂತ ಒಂದ್ರೂಪಾಯಿ ಕಮ್ಮಿ ಆಗಲ್ಲ. ಬೇಕಾದ್ರೆ ಒಂದು ಸೆಂಟ್ ಬಾಟ್ಲಿ ಕೊಡ್ತೀನಿ, ಗಾಡಿ ಒಳಗಿಡೋಕೆ" ಅಂದ. ನನ್ನ ಮಗಳು ಗಾಡಿ ಓಡಿಸುವುದು ಹುಣ್ಣು ತೊಳೆಯಲು, ಮದುವೆಗೆ ಹೋಗಲು ಅಲ್ಲ ಅಂತ ಬಾಯಿಗೆ ಬಂದಿತ್ತು. ಖಾಲಿ ಬಾಟಲಿಯನ್ನೇ ಎತ್ತಿ ಕುಡಿದೆ.

ಗೆರೆಗೆ ಇನ್ನೂ ಹನ್ನೊಂದು ಸಾವಿರ ಬಾಕಿ. ಎರಡು ಗಂಟೆ ಆಗಿಹೋಗಿತ್ತು. ಇನ್ನೊಂದು ಶೋರೂಮಿಗೆ ಹೋಗೋಣವೆಂದರೆ ಅಲ್ಲಿ ಬುಕ್ ಮಾಡಿದ ಮೇಲೆ ಎರಡು ತಿಂಗಳು ಕಾಯಬೇಕು, ವಿಚಾರಿಸಿದ್ದೆ. ಎದ್ದು ಹೋದರೆ ನಿನ್ನ ಕೆಲಸ ಹೋಗುತ್ತದೆ, ಕೂತರೆ ನಿನ್ನ ಹತ್ತಿರ ಇಲ್ಲದ ದುಡ್ಡು. ಹೊತ್ತು ಕಳೆಯೋಣ ಅಂತ, "ಕೊಡೋ ಗಾಡೀನೇ ತೋರ್ಸಿ, ಇಲ್ಲಿ ನಿಲ್ಸಿರೋ ಬೊಂಬೆ ಬೇಡ. ನಲವತ್ತೊಂದು ವರ್ಷ ಟಿಂಕರಿಂಗ್ ಮಾಡಿದೋನು ನಾನು, ಮುಟ್ಟಿ ನೋಡ್ದೆ ತಗೊಳ್ಳಲ್ಲ" ಅಂದೆ. ಮ್ಯಾನೇಜರ್ ಟೈ ಎಳೆದು ಸರಿಮಾಡಿಕೊಂಡ. ಆಮೇಲೆ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದ.

ಬಿಳಿ ಗಾಡಿ. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ನಾನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ಮುಂದಿನ ಮಡ್ಗಾರ್ಡಿನಿಂದ ಸವರುತ್ತಾ ಹಿಂದಕ್ಕೆ ನಡೆದೆ. ಚಿಕ್ಕವಳಿದ್ದಾಗ ನೀನು ನನ್ನ ಹಿಂದೆಯೇ ಕಣ್ಣು ಮುಚ್ಚಿಕೊಂಡು ಕೈ ಸವರುತ್ತಾ ಬರುತ್ತಿದ್ದೆಯಲ್ಲ, ಹಾಗೆಯೇ. ನಗ್ಗಿದ ಜಾಗಕ್ಕೆ ಪುಟ್ಟಿ ತುಂಬಿ ಮೇಲೆ ಎಷ್ಟು ಚೆಂದಾಗಿ ಬಣ್ಣ ಹೊಡೆದಿದ್ದರೂ ನನ್ನ ಕೈ ಅಲ್ಲಿ ನಿಲ್ಲುತ್ತಿತ್ತು. ಹಿಂದಿನ ಎಡಗಡೆ ಬಾಗಿಲಿಗೆ ಬಂದು ನಿಂತೆ. ಬೆರಳ ತುದಿಯಿಂದ ಸವರಿದೆ, ಅಂಗೈಯಿಂದ ಸವರಿದೆ, ಆಮೇಲೆ ಎಡಗೈ ಹಾಕಿದೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಒಂದು ಮಾತೂ ಆಡಲಿಲ್ಲ. ಆ ಹುಡುಗಿ, "ಸರ್, ಕೂತ್ಕೋತೀರಾ?" ಅಂತ ಕೇಳಿದ್ದು ಕೇಳಿಸಿತು. ಬಾಗಿಲಿನಿಂದ ಕೈ ತೆಗೆಯಲಿಲ್ಲ. ಆಗ ಮ್ಯಾನೇಜರ್ ಹತ್ತಿರ ಬಂದ. "ಸರ್, ಅದು ಲಾರಿಯಿಂದ ಇಳಿಸ್ಬೇಕಾದ್ರೆ ಸ್ವಲ್ಪ ತಾಗಿತ್ತು, ಅಷ್ಟೇ. ನಮ್ಮಲ್ಲೇ ಸರಿಮಾಡ್ಸಿದೀವಿ. ಕಂಪನಿ ಬಣ್ಣಾನೇ ಸರ್, ಯಾರಿಗೂ ಗೊತ್ತಾಗಲ್ಲ."

ಕಣ್ಣು ಬಿಟ್ಟೆ. ಹುಡುಗಿ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿದ್ದಳು. ಪಾಪ, ಅವಳಿಗೆ ಗೊತ್ತಿರಲಿಲ್ಲ. ಅವನು ನನ್ನ ಮುಖ ನೋಡಿ ತಾನಾಗಿಯೇ, "ಹದಿಮೂರು ಸಾವಿರ ಬಿಡ್ತೀನಿ ಸರ್, ಇಲ್ಲೇ ಮುಗ್ಸೋಣ" ಅಂದ. ಬೇರೆ ದಿನವಾಗಿದ್ದರೆ ಆ ಟೈ ಹಿಡಿದು ಬೀದಿಗೆ ಎಳೆಯುತ್ತಿದ್ದೆ. ಅವತ್ತು ಸಿಟ್ಟೇ ಬರಲಿಲ್ಲ. ಬಾಗಿಲಿನ ಮೇಲೆ ಇನ್ನೊಂದು ಸಲ ಕೈಯಿಟ್ಟು, "ಬೇರೆ ಗಾಡಿ ಕೊಡಿ. ಇದೇ ರೇಟಿಗೆ" ಅಂದೆ, ಅಷ್ಟೇ. ಅವನು ಕುತ್ತಿಗೆ ಒರೆಸಿಕೊಂಡು ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು ಒಪ್ಪಿದ. ಅದೇ ಸಾಲಿನ ಕೊನೆಯಲ್ಲಿದ್ದ ಇನ್ನೊಂದು ಬಿಳಿ ಗಾಡಿ ತೋರಿಸಿದರು. ಸುತ್ತ ಕೈ ಸವರಿ, "ಇದು ಸರಿ ಇದೆ" ಅಂದೆ. ಮುಂಗಡ ಕೊಟ್ಟೆ. ರಶೀದಿ ಇದರೊಳಗೇ ಇಟ್ಟಿದ್ದೇನೆ, ಗಾಡಿಯ ಚಾಸಿ ನಂಬರನ್ನು ಅದರ ಹಿಂದೆ ಆ ಹುಡುಗಿಯ ಕೈಲೇ ಬರೆಸಿದ್ದೇನೆ, ಬದಲಾಯಿಸಿಬಿಟ್ಟಾರು. ನೀನು ಇಪ್ಪತ್ತಾರಕ್ಕೆ ಬರುತ್ತೀಯ, ಇಪ್ಪತ್ತೆಂಟಕ್ಕೆ ಉಳಿದ ದುಡ್ಡು ಕೊಟ್ಟು ಗಾಡಿ ತೆಗೆದುಕೊಳ್ಳುವುದು. ಒಂದನೇ ತಾರೀಖಿಗೆ ಮೂರು ದಿನ ಮುಂಚೆ.

ನಿನ್ನಮ್ಮ ಈ ಕಥೆಯನ್ನು ಬೀದಿಗೆಲ್ಲ ಸಾರಿದ್ದಾಳೆ. "ಕಣ್ಣು ಮುಚ್ಕೊಂಡು ಕಳ್ಳನ್ನ ಹಿಡಿದ್ರು ನಮ್ಮೋರು" ಅಂತ ನಿನ್ನ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು. ನಿನಗೂ ಹೇಳುತ್ತಾಳೆ, ಎರಡು ಪಾಲು ಸೇರಿಸಿ ಹೇಳುತ್ತಾಳೆ. ಹೇಳಲಿ ಬಿಡು. ಮೂವತ್ತನಾಲ್ಕು ವರ್ಷದಲ್ಲಿ ನನ್ನನ್ನು ಹೊಗಳಿದ್ದು ಇದೇ ಮೊದಲು, ನಡುವೆ ತಡೆಯಲು ಮನಸ್ಸು ಬರಲಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು. ಪರೀಕ್ಷೆಗೆ ಹೆದರಬೇಡ, ನಮ್ಮ ವಂಶದಲ್ಲೇ ಅಷ್ಟು ದೂರ ಓದಿದವಳು ನೀನೊಬ್ಬಳೇ. ನಿನ್ನ ಕೋಣೆಯಲ್ಲಿರುವ ಆ ಹುಡುಗಿಗೂ ಕೇಳಿದೆನೆಂದು ಹೇಳು, ರೇಡಿಯೋ ಸಣ್ಣಗೆ ಹಾಕಿಕೊಳ್ಳಲಿ. ನೀನು ಮುಟ್ಟಿದವರ ನೋವು ಇಳಿಯಲಿ, ನಿನ್ನ ಕೈಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ತಾ.ಕ. ನಿನ್ನಮ್ಮ ಊಟದ ಡಬ್ಬಿ ಹಿಡಿದು ರಸ್ತೆಯ ಆಚೆ ಬದಿಗೆ ಬಂದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಆ ಬಾಗಿಲಲ್ಲಿ ನನಗೆ ಏನೂ ತಿಳಿಯಲಿಲ್ಲ. ಮಡ್ಗಾರ್ಡಿನಲ್ಲೂ ಇಲ್ಲ, ಎಲ್ಲೂ ಇಲ್ಲ. ಕೈಗೆ ಚೀಲ ತೊಡಿಸಿ ಸವರಿದ ಹಾಗಿತ್ತು. ಅಲ್ಲಿ ನಿಂತುಬಿಟ್ಟದ್ದು ಹೆದರಿಕೆಗೆ, ಅವನು ಏನೋ ತಿಳಿದುಕೊಂಡು ಬಾಯಿಬಿಟ್ಟ. ಅವನು ಹೇಳಿದ ಮೇಲೂ ಒಂದು ಸಲ ಮುಟ್ಟಿದೆ, ಇಲ್ಲೇ ಇದೆ ಅಂತ ಗೊತ್ತಿದ್ದೂ ಸಿಗಲಿಲ್ಲ. ಆರು ತಿಂಗಳಿಂದ ಬೆರಳೆಲ್ಲ ಜೋಮು ಹಿಡಿದಂತೆ ಇದೆ, ಈಗ ಎರಡೂ ಕೈ. ಪೆನ್ನು ಸರಿಯಾಗೇ ಇದೆ. ಆ ಬಾನೆಟ್ಟಿನ ಗಿರಾಕಿ ಹೇಳಿದ್ದೂ ಸರಿ. ಎರಡನೇ ಗಾಡಿಯನ್ನು ಸರಿ ಇದೆ ಅಂದದ್ದು ಬರೀ ಬಾಯಿಮಾತು, ಅದಕ್ಕೂ ಏನಾದರೂ ಆಗಿದೆಯೋ ನನಗೆ ಗೊತ್ತಿಲ್ಲ. ಅದಕ್ಕೆ ಇಪ್ಪತ್ತೆಂಟಕ್ಕೆ ದುಡ್ಡು ಕೊಡುವ ಮುಂಚೆ ಪಕ್ಕದ ಶೆಡ್ಡಿನ ಪೇಂಟರನ್ನು ಕರೆದುಕೊಂಡು ಹೋಗಿ ಮುಟ್ಟಿಸು. ಅವನ ಕೈ ಚೆನ್ನಾಗಿದೆ. ಹೀಗೆ ನಾನು ಹೇಳಿದೆ ಅಂತ ಅವನಿಗೆ ಹೇಳಬೇಡ, ನೀನೇ ಕೇಳಿದ ಹಾಗೆ ಕೇಳು. ನಿನ್ನಮ್ಮನಿಗೂ ಬೇಡ. ನಿನ್ನ ಪುಸ್ತಕದಲ್ಲಿ ಈ ಜೋಮಿಗೆ ಏನು ಬರೆದಿದ್ದಾರೆ ನೋಡಿಟ್ಟಿರು. ಒಂದನೇ ತಾರೀಖು ಕೆಲಸಕ್ಕೆ ಹೊರಟಾಗ ಶೆಡ್ಡು ದಾರಿಯಲ್ಲೇ ಸಿಗುತ್ತದೆ, ಗಾಡಿಯಲ್ಲಿ ಏನೋ ಸದ್ದು ಬರುತ್ತಿದೆ ಅಂತ ಹೇಳಿ ನಿಲ್ಲಿಸು, ನಿನ್ನ ನರ್ಸಿನ ಪೆಟ್ಟಿಗೆ ತೆಗೆದುಕೊಂಡು ಒಳಗೆ ಬಾ. ಹೊಸ ಗಾಡಿಗೆ ಎಂಥ ಸದ್ದು ಅಂತ ಯಾರಾದರೂ ಕೇಳಿದರೆ ನಾನು ಬೈಯುತ್ತೇನೆ, ಅವರು ಸುಮ್ಮನಾಗುತ್ತಾರೆ.