ಗೌರವ್‌ನ ಪಾಲಿನ ಹದಿಮೂರು ಕಾರ್ಡು

ಕೊಟ್ಟಾರ, ಮಂಗಳೂರು
4 ಆಗಸ್ಟ್ 2025, ಸೋಮವಾರ

ಪ್ರೀತಿಯ ಮಗ ಮುಖೇಶನಿಗೆ,

ಇದನ್ನು ಅಮ್ಮ ಬರೆದದ್ದು ಎಂದು ಓದಬೇಡ. ಎಸ್ಸೆಸ್ಸೆಲ್ಸಿ ಪಾಸಾಗಿ ಈ ಮನೆಗೆ ಬಂದು, ಐವತ್ತೊಂದು ವರ್ಷದಿಂದ ಇದರ ಯಜಮಾನಿಕೆ ನಡೆಸುತ್ತಿರುವ ದೇಯಿ ಬರೆದದ್ದು ಎಂದು ತಿಳಿದು ಓದು. ನನ್ನ ಮಾತಿನ ಮೇಲೆ ಇಲ್ಲಿ ಇನ್ನೊಂದು ಮಾತು ಇರಲಿಲ್ಲ, ಈಗಲೂ ಇಲ್ಲ.

ಬಹರೈನಿನಲ್ಲಿ ನೀವಿಬ್ಬರೂ ಆರೋಗ್ಯವೇ? ಸೆಕೆಗೆ ನಿನ್ನ ಮೂಗಿನಲ್ಲಿ ರಕ್ತ ಬರುವುದು ನಿಂತಿತೇ? ಕೊತ್ತಂಬರಿ ನೀರು ಕುಡಿ ಎಂದರೆ ನೀನು ಕೇಳುವವನಲ್ಲ. ನಿನ್ನ ಮಗಳು ಪ್ರಾಪ್ತಿ ಕಾಲೇಜಿಗೆ ಸರಿಯಾಗಿ ಹೋಗುತ್ತಿದ್ದಾಳೆ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಮನೆಯ ಫೋನಿಗೆ ಕರೆ ಯಾಕೆ ಹೋಗುವುದಿಲ್ಲ ಎಂದು ಅವಳಲ್ಲಿ ಕೇಳಿದೆಯಂತೆ. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಇಸ್ಪೀಟು ಕಲಿತೆ. ನಗಬೇಡ. ನೀವು ಅಪ್ಪ ಮಕ್ಕಳು ಚಾವಡಿಯಲ್ಲಿ ಚಾಪೆ ಹಾಸಿ ಕತ್ತೆ ಆಟಕ್ಕೆ ಕೂತರೆ, ಅದೇ ಹೊತ್ತಿಗೆ ಪೊರಕೆ ತಂದು ಗುಡಿಸುತ್ತಿದ್ದವಳು ನಾನು. ಸೋಮಾರಿಗಳ ಆಟ ಎನ್ನುತ್ತಿದ್ದೆ. ಆದರೆ ನಿನ್ನ ತಮ್ಮ ಗೌರವ್ ತೀರಿಕೊಂಡ ಮೇಲೂ ನಿನ್ನ ಅಪ್ಪ ಮಧ್ಯಾಹ್ನ ಊಟವಾದೊಡನೆ ಚಾಪೆ ಹಾಸಿ ನಾಲ್ಕು ಪಾಲು ಹಂಚುವುದನ್ನು ಬಿಡಲಿಲ್ಲ. ಒಂದು ಅವರಿಗೆ, ಒಂದು ಪ್ರಾಪ್ತಿಗೆ, ಒಂದು ಪಕ್ಕದ ಮನೆಯ ಆಗ್ನೆಸ್ ಬಾಯಿಗೆ, ಒಂದು ಗೌರವ್‌ನಿಗೆ. ಮಗುಚಿಟ್ಟ ಆ ಹದಿಮೂರು ಕಾರ್ಡುಗಳನ್ನು ನೋಡುತ್ತಾ, ಬಿಜೈ ಅಂಗಡಿಯಿಂದ ಅವನು ಇನ್ನೂ ಯಾಕೆ ಬರಲಿಲ್ಲ ಎಂದು ಕೇಳುವರು. ನಿಜ ಹೇಳಿದ ಮೂರು ಸಲವೂ ಅವರು ಆಗಷ್ಟೇ ಕೇಳಿದವರಂತೆ ಎದೆ ಬಡಿದುಕೊಂಡು ಅತ್ತದ್ದು, ಮರುದಿನ ಮರೆತದ್ದು ನಿನಗೆ ಗೊತ್ತಿದೆ. ಆಮೇಲೆ ನೀನು ಫೋನಿನಲ್ಲಿ ತಮ್ಮನ ಸ್ವರ ಮಾಡಿ ಮಾತನಾಡಲು ಹಿಡಿದೆ. "ಅಪ್ಪ, ಅಂಗಡಿಯಲ್ಲಿ ಜನ ಉಂಟು, ತಡ ಆಗ್ತದೆ, ನೀವು ಆಡಿ." ನಾನು ಬೇಡ ಎನ್ನಲಿಲ್ಲ. ಆ ತಪ್ಪು ನನ್ನದೂ ಹೌದು.

ಆ ಪಾಲನ್ನು ಹಿಡಿಯಲು ಯಾರೂ ಇರಲಿಲ್ಲವಾದ್ದರಿಂದ ನಾನು ಕಲಿತೆ. ಒಂದು ವಾರ ಪ್ರಾಪ್ತಿ ಅಡುಗೆಮನೆಯಲ್ಲಿ ಪಾಠ ಹೇಳಿದಳು. ಬಿದ್ದ ಜಾತಿಯದೇ ಹಾಕಬೇಕು, ಇಲ್ಲದಿದ್ದವರು ಬೇರೆ ಹಾಕಿ ಕಡಿಯಬೇಕು, ಕಡಿದಾಗ ಮೊದಲು ಬಿದ್ದ ಜಾತಿಯ ದೊಡ್ಡ ಕಾರ್ಡು ಹಾಕಿದವರು ಎಲ್ಲವನ್ನೂ ಎತ್ತಿಕೊಳ್ಳಬೇಕು, ಕೊನೆಗೆ ಕೈಯಲ್ಲಿ ಕಾರ್ಡು ಉಳಿದವರು ಕತ್ತೆ. ಕಳಾವರ್ ಯಾವುದು ಇಸ್ಪೇಟು ಯಾವುದು ಎಂದು ನಾನು ತಡವರಿಸಿದರೆ, "ಅಜ್ಜಿ, ನಿಮಗೆ ಫೇಲಾಗಿ ಅಭ್ಯಾಸ ಇಲ್ಲ ಅಲ್ವಾ, ಅದಕ್ಕೇ ಕಷ್ಟ" ಎನ್ನುವಳು. ನಿನ್ನ ಮಗಳಿಗೆ ನಾಲಿಗೆ ಉದ್ದ. ಗೌರವ್ ಬರುವವರೆಗೆ ನಾನು ಹಿಡಿದಿರುತ್ತೇನೆ ಎಂದು ಇವರಿಗೆ ಹೇಳಿ ಕೂತೆ. ಊಟ ಮಾಡಿದ್ದು ನೆನಪಿಲ್ಲದ ಮನುಷ್ಯನಿಗೆ ಬಿದ್ದ ಕಾರ್ಡು ಒಂದೊಂದೂ ನೆನಪಿತ್ತು. ಆದರೂ ದಿನವೂ ಅವರೇ ಕತ್ತೆ. ನಾನು ಒಮ್ಮೆಯೂ ಸೋಲಲಿಲ್ಲ. ಹೆಮ್ಮೆಯನ್ನೂ ಪಟ್ಟೆ.

ಜುಲೈ ಇಪ್ಪತ್ತೆರಡರಂದು ನಾನು ಆಟೀನಿನ ರಾಣಿ ಹಾಕಿದೆ. ಅವರು ಅದರ ಮೇಲೆ ರಾಜನನ್ನು ಹಾಕಿದರು. ಆಗ್ನೆಸ್ ಬಾಯಿ ಕಡಿದರು, ಅಷ್ಟನ್ನೂ ಇವರು ಎತ್ತಿಕೊಂಡರು. ಮುಂದಿನ ಸುತ್ತಿಗೆ ಅವರ ಕೈಯಿಂದ ಆಟೀನಿನ ನಾಲ್ಕು ಬಿತ್ತು. ಎತ್ತಿಕೊಂಡದ್ದರಲ್ಲಿ ಆ ನಾಲ್ಕು ಇರಲಿಲ್ಲ, ಮೊದಲೇ ಕೈಯಲ್ಲಿದ್ದದ್ದು. ಅದನ್ನು ಹಾಕಿದ್ದರೆ ಎತ್ತಬೇಕಾದವಳು ನಾನು. ನಾನು ಮುಖ ನೋಡಿದಾಗ ಆಗ್ನೆಸ್ ಬಾಯಿ ಇವರತ್ತ ಕಣ್ಣು ಹಾಯಿಸಿ, ತಲೆ ತಗ್ಗಿಸಿ ಹೇಳಿದರು, "ನೊಣಯ್ಯಣ್ಣ ಮೊದಲಿನಿಂದಲೂ ಹಾಗೇ. ಗೌರವ್ ಸಣ್ಣದಿರುವಾಗ ಕತ್ತೆ ಆದ್ರೆ ಅಳ್ತಿದ್ದ, ಅದಕ್ಕೆ."

ಐವತ್ತು ವರ್ಷ ಪೊರಕೆ ಹಿಡಿದು ನಿಂತವಳಿಗೆ ಇದು ಕಾಣಲಿಲ್ಲ. ಅವರು ಸತ್ತ ಮಗನಿಗಾಗಿ ಸೋಲುತ್ತಿದ್ದರು, ಅವನ ಹೆಸರಿನಲ್ಲಿ ಕೂತು ನಾನು ಗೆಲ್ಲುತ್ತಿದ್ದೆ. ಕೈಯಲ್ಲಿದ್ದ ಕಾರ್ಡು ಕೆಳಗಿಟ್ಟು ಹೇಳಿದೆ. ಗೌರವ್ ಹೋದ ವರ್ಷ ಇಲಿಜ್ವರದಲ್ಲಿ ಹೋದ, ಐದೇ ದಿನ, ನಂದಿಗುಡ್ಡೆಯಲ್ಲಿ ನೀವೇ ಕೊಳ್ಳಿ ಇಟ್ಟದ್ದು ಎಂದೆ.

ಈ ಸಲ ಅವರು ಅಳಲಿಲ್ಲ. ನನ್ನನ್ನೇ ನೋಡಿ, "ಅವನಿಗೆ ಬಡಿಸಿದ್ದೀಯಾ?" ಎಂದರು.

ನಾನು ಇಲ್ಲ ಎಂದೆ. ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆದು, ಹಿರಿಯರ ಸಾಲಿಗೆ ಸೇರಿಸಿ ಬಾಳೆಎಲೆ ಹಾಕುವ ಕ್ರಮವನ್ನು, ಅಪ್ಪನಿಗೆ ಗೊತ್ತಾಗುತ್ತದೆ ಎಂದು ನೀನು ಹೇಳಿದ್ದಕ್ಕೆ ಹೋದ ದೀಪಾವಳಿಗೆ ಬಿಟ್ಟೆವಲ್ಲ.

"ಒಂದು ವರ್ಷ ನನ್ನ ಮಗನನ್ನು ಹೊರಗೆ ನಿಲ್ಲಿಸಿದ್ದೀಯಾ? ಹಸಿದುಕೊಂಡು? ಎಂತ ಹೆಂಗಸು ನೀನು, ದೇಯೀ?"

ಈ ಮನೆಯಲ್ಲಿ ನನಗೆ ಯಾರೂ ಹಾಗೆ ಹೇಳಿದ್ದಿಲ್ಲ. ಪ್ರಾಪ್ತಿ ಎದುರಿಗೇ ಇದ್ದಳು.

ಮುಂದಿನ ಭಾನುವಾರ ಬಡಿಸಿದೆ. ಕೋಳಿ ಸುಕ್ಕ, ನೀರುದೋಸೆ, ಅವನಿಗೆ ಬೇಕಾಗಿದ್ದ ಒಣ ಸಿಗಡಿ ಚಟ್ನಿ. ನಿನ್ನ ಅಪ್ಪ ಹೊಸ್ತಿಲಲ್ಲಿ ನಿಂತು ಮೂರು ಸಲ ಅವನನ್ನು ಕರೆದರು. ಸ್ವರ ಎಲ್ಲಿಯೂ ತಪ್ಪಲಿಲ್ಲ. ಹಿರಿಮಗ ನಿನ್ನನ್ನು ಕಾಯಲಿಲ್ಲ. ಕಾಯುವುದು ಸರಿಯಲ್ಲ ಎನಿಸಿತು.

ಸೊಸೆಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣಿ, ದೈವಗಳು ನಿಮ್ಮನ್ನು ಕಾಯಲಿ.

ನಿನ್ನ ಅಮ್ಮ,
ದೇಯಿ

ಮರೆತೆ: ಬಡಿಸಿದ ಮರುದಿನ ಅವರು ಪುನಃ ನಾಲ್ಕು ಪಾಲು ಹಂಚಿ ಗೌರವ್ ಎಲ್ಲಿ ಎಂದು ಕೇಳಿದರು. ಪುನಃ ಹೇಳಿದೆ. ಅಂದಿನಿಂದ ದಿನವೂ ಹೇಳುತ್ತಿದ್ದೇನೆ. ದಿನವೂ ಅವರ ಮುಖ ಅದೇ ರೀತಿ ಸಾಯುತ್ತದೆ, ನೋಡಲಾಗುವುದಿಲ್ಲ, ಆದರೂ ನೋಡುತ್ತೇನೆ. ಆಮೇಲೆ ಬಡಿಸಿದ್ದೀಯಾ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಆಗ ಕಾರ್ಡು ಎತ್ತಿಕೊಳ್ಳುತ್ತಾರೆ. ನಡುವೆ ನಿನ್ನ ಫೋನ್ ಬಂದು, ಆ ಸ್ವರದಲ್ಲಿ ಅಂಗಡಿಯಲ್ಲಿ ಜನ ಉಂಟು ಎಂದರೆ, ಒಳಗೆ ಕರೆದುಕೊಂಡವನನ್ನು ನಾವೇ ಪುನಃ ಹೊರಗೆ ಹಾಕಿದಂತೆ. ಮನೆಯ ಮೊಬೈಲಿನ ಸಿಮ್ ತೆಗೆದು ಕತ್ತರಿಯಲ್ಲಿ ಎರಡು ತುಂಡು ಮಾಡಿದ್ದೇನೆ. ಅಪ್ಪನಲ್ಲಿ ಮಾತನಾಡಬೇಕಾದರೆ ಪ್ರಾಪ್ತಿಯ ಫೋನಿಗೆ ಮಾಡು, ಮುಖೇಶ್ ಎಂದು ಹೇಳಿಕೊಂಡು ಮಾಡು.