ಬೆಂಕಿಗೆ ಉಬ್ಬಿದ ಬಣ್ಣ

ಮಾರ್ಚ್ ೧೧, ಮಂಗಳವಾರ

ಇವತ್ತು ಲ್ಯಾಬಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಆ ನಾಚಿಕೆ ಇನ್ನೂ ಇಳಿದಿಲ್ಲ.

ಬೆಂಕಿ ತಡೆಯುವ ಪುಡಿಯನ್ನು ಮಾಮೂಲಿ ಪೇಂಟಿಗೆ ಕಲಸಿ ಹಲಗೆಗೆ ಹಚ್ಚಿದವಳು ನಾನೇ. ನಾನು ಓದಿದ ಸ್ಕೂಲ್ ಹಾಸ್ಟೆಲ್ಲಿನ ಮರದ ಗೋಡೆಗಳಿಗೆ ಈ ಪೇಂಟ್ ಆಗುತ್ತದೋ ಇಲ್ಲವೋ ಎಂದು ನಮ್ಮ ಡಿಪಾರ್ಟ್‌ಮೆಂಟ್ ಟೆಸ್ಟ್ ಮಾಡಿ ಹೇಳಬೇಕಿತ್ತು. ತಂಗಿ ಈಗಲೂ ಅಲ್ಲೇ ಮಲಗುತ್ತಾಳೆ. ಅದಕ್ಕೇ ಅಷ್ಟು ಟೆನ್ಷನ್.

ಬರ್ನರ್ ಹಿಡಿದ ಅರ್ಧ ನಿಮಿಷಕ್ಕೇ ಪೇಂಟ್ ಗುಳ್ಳೆ ಎದ್ದು ಕಪ್ಪಗೆ ಉಬ್ಬತೊಡಗಿತು. "ನಿನ್ ಪುಡಿ ಗೋತಾ ಕಣೇ!" ಎಂದಳು ನನ್ನ ಲ್ಯಾಬ್ ಪಾರ್ಟ್ನರ್. ಅಳುತ್ತಲೇ ಗ್ಯಾಸ್ ಆಫ್ ಮಾಡಲು ಹೋದೆ. ಅಟೆಂಡರ್ ಅಂಕಲ್ ಕೈ ಅಡ್ಡ ಇಟ್ಟರು.

"ತಡಿಯಮ್ಮಾ, ಉಬ್ಬೋದೇ ಅದರ ಕೆಲ್ಸ. ಅದು ಉಬ್ಬದಿದ್ರೆ ನಾನೂ ನಿನ್ ಜೊತೆ ಕೂತು ಅಳ್ತಿದ್ದೆ."

ಹತ್ತು ನಿಮಿಷದಲ್ಲಿ, ಹೋಲಿಸಿ ನೋಡಲು ಪಕ್ಕದಲ್ಲಿ ಸುಡುತ್ತಿದ್ದ ಬರೀ ಪೇಂಟಿನ ಹಲಗೆಗೆ ತೂತು ಬಿತ್ತು. ನನ್ನ ಹಲಗೆಯ ಹಿಂಬದಿಗೆ ಅಂಗೈ ಇಡಿಸಿದರು ಅಂಕಲ್. ಬರೀ ಬೆಚ್ಚಗಿತ್ತು! ಆರಿದ ಮೇಲೆ ಚಾಕುವಿನಿಂದ ಆ ಕಪ್ಪು ನೊರೆಯನ್ನು ಕೆರೆದೆ. ಒಳಗೆ ಮರ ಸ್ವಲ್ಪ ಕಂದಿತ್ತು, ಅಷ್ಟೇ. ಗೆರೆಗಳೂ ಹಾಗೇ ಇದ್ದವು. ಉಗುರಿಗಿಂತ ತೆಳ್ಳಗಿನ ಬಣ್ಣ ಎರಡು ಬೆರಳು ದಪ್ಪ ಎದ್ದು ಬೆಂಕಿಗೆ ಅಡ್ಡ ನಿಂತಿತ್ತು. ಬರೆಯುವಾಗಲೂ ಮೈ ಜುಮ್ ಎನ್ನುತ್ತಿದೆ.

ಟೆಸ್ಟ್ ರಿಪೋರ್ಟಿಗೆ ನಮ್ಮ ಸರ್ ಸೈನ್ ಹಾಕಿದರು. ಮುಂದಿನ ವಾರ ಹಾಸ್ಟೆಲ್ಲಿಗೆ ಪೇಂಟ್ ಹೊಡೆಯುತ್ತಾರಂತೆ. ತಂಗಿಗೆ ಗೋಡೆ ಬೆಳ್ಳಗಾದದ್ದಷ್ಟೇ ಕಾಣುತ್ತದೆ. ಅವಳು ಗೋಡೆಗೆ ಬೆನ್ನು ಒತ್ತಿಕೊಂಡೇ ಮಲಗುವವಳು. ಆ ಬೆನ್ನ ಹಿಂದೆ ಈ ಬಣ್ಣ ಸುಮ್ಮನೆ ಕಾಯುತ್ತಿರುತ್ತದೆ. ದೇವರೇ, ಅದು ಯಾವತ್ತೂ ಉಬ್ಬುವ ಹಾಗಾಗದಿರಲಿ. ಆದರೆ ಅಕಸ್ಮಾತ್…