ನಿಮ್ಮಪ್ಪನನ್ನು ಹೊತ್ತವರು

ಮಗಳೇ,

ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬರುತ್ತೇನೆ. ನಲವತ್ತು ವರ್ಷ ಸೇರೋಣ ಸೇರೋಣ ಎನ್ನುತ್ತಿದ್ದ ನಿಮ್ಮಪ್ಪನ ಪಲ್ಟನ್ನಿನ ಗೆಳೆಯರು, ಅವರೇ ತೀರಿಕೊಂಡ ಮೇಲೆ ಇವತ್ತು ಸೇರುತ್ತಿದ್ದಾರೆ. ನಾಲ್ಕಕ್ಕೆ ಕರೆದಿದ್ದೇನೆ. ಸೈನ್ಯದವರಲ್ಲವೇ, ಮೂರಕ್ಕೇ ಗೇಟಿನ ಮುಂದೆ ಸಾಲಾಗಿ ನಿಂತಿರುತ್ತಾರೆ. ಆರು ಕುರ್ಚಿ ಹಾಕು.

ಕಾಲಿಗೆ ಗುಂಡು ತಗುಲಿದ ನಿಮ್ಮಪ್ಪನನ್ನು ಬೆನ್ನ ಮೇಲೆ ಹೊತ್ತು ತಂದವನು ತಾನೇ ಎಂದು ಆರು ಜನರೂ ನನಗೆ ಕಾಗದ ಬರೆದಿದ್ದಾರೆ. “ಯಾರೂ ಹೊರಲಿಲ್ಲ ಕಣೇ, ಕುಂಟಿಕೊಂಡು ನಾನೇ ಬಂದೆ” ಎಂದು ನಿಮ್ಮಪ್ಪ ನಗುತ್ತಿದ್ದುದು ನಿನಗೂ ಗೊತ್ತು. ನಿನ್ನ ವಕೀಲಿಕೆ ಇಲ್ಲಿ ಬೇಡ. ಆರು ಸಲವೂ ಹೌದೆನ್ನು.

ಹೋದ ತಿಂಗಳು ಚಟ್ಟಕ್ಕೆ ಹೆಗಲು ಕೊಡಲು ಈ ಗೆಳೆಯರಿಗೆ ಹೇಳಿಕಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ, ಅಕ್ಕಪಕ್ಕದವರೇ ಹೊತ್ತರು. ಇವತ್ತಾದರೂ ಇವರು ಹೊರಲಿ.

ಅಮ್ಮ